ತೋಳದ ಲೆಕ್ಕದ ಮೇಡಂ

ನಮ್ಮ ಕಾಲೇಜಿನ ಗಣಿತದ ಮೇಡಂ ಕಳೆದ ತಿಂಗಳು ನಿವೃತ್ತರಾದರು. ಬೀಳ್ಕೊಡುಗೆಯ ದಿನ ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಮಾತಾಡಲು ಎದ್ದವರೆಲ್ಲ ಸುತ್ತಿ ಬಳಸಿ ಒಂದೇ ಕಡೆಗೆ ಬಂದರು: ಹೊಸದುರ್ಗದ ಕಡೆಯ ಕಾವಲಿನ ಹುಲ್ಲುಬಯಲಿನಲ್ಲಿ ಇವತ್ತಿಗೂ ತೋಳ ಉಳಿದಿದ್ದರೆ ಅದಕ್ಕೆ ಮೇಡಂ ಹಾಕಿದ ಲೆಕ್ಕವೇ ಕಾರಣ. ಕೊನೆಗೆ ಮೇಡಂ ಎದ್ದರು. ಶಾಲನ್ನು ಮಡಿಸಿ ಕುರ್ಚಿಯ ಮೇಲಿಟ್ಟರು. ಮೈಕನ್ನು ಪಕ್ಕಕ್ಕೆ ಸರಿಸಿದರು.

"ನಾನು ಯಾವ ತೋಳವನ್ನೂ ಉಳಿಸಿಲ್ಲ. ಒಂದು ಸಲ ತಪ್ಪು ಲೆಕ್ಕ ಹೇಳಿದ್ದೆ. ಹೋಗಿ ತಿದ್ದಿದೆ. ಅಷ್ಟೇ ನಾನು ಮಾಡಿದ್ದು. ಊಟ ಆರ್ತಾ ಐತೆ, ನಡೀರಿ" ಎಂದು ಕೂತುಬಿಟ್ಟರು.

ಜನ ಅದನ್ನು ವಿನಯವೆಂದುಕೊಂಡು ಚಪ್ಪಾಳೆ ತಟ್ಟಿದರು. ವಿನಯಕ್ಕೂ ಮೇಡಂಗೂ ಅಷ್ಟಾಗಿ ಆಗಿಬರುವುದಿಲ್ಲ. ತಮಗೆ ಗೊತ್ತಿರುವುದನ್ನು ಗೊತ್ತು ಎಂದೇ ಎದೆಯೆತ್ತಿ ಹೇಳುವ ಹೆಂಗಸು ಅವರು. ಆ ದಿನ ಹೇಳಿದ್ದೂ ಇದ್ದದ್ದನ್ನು ಇದ್ದ ಹಾಗೆ. ಅವರು ತಪ್ಪು ಲೆಕ್ಕ ಹೇಳಿದಾಗಲೂ, ಅದನ್ನು ತಿದ್ದಲು ಹೋದಾಗಲೂ ಕಾಲೇಜಿನವರ ಪೈಕಿ ಪಕ್ಕದಲ್ಲಿದ್ದವನು ನಾನೊಬ್ಬನೇ. ಆದ್ದರಿಂದ ಇದನ್ನು ಬರೆಯುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ನಾನು ಪ್ರಾಣಿಶಾಸ್ತ್ರದ ಮೇಷ್ಟ್ರು. ಹೊಳಲ್ಕೆರೆಯಿಂದ ಚಿತ್ರದುರ್ಗದ ಕಾಲೇಜಿಗೆ ವರ್ಗವಾಗಿ ಬಂದ ಮೊದಲ ದಿನ ಪಾಠ ಶುರು ಮಾಡಿದರೆ ಪಕ್ಕದ ಕೋಣೆಯಿಂದ ಎಂಥದೋ ಗುಡುಗು. ಜಗಳವಾಗುತ್ತಿದೆಯೆಂದು ಓಡಿ ಹೋಗಿ ನೋಡಿದೆ. ಗಿಡ್ಡ ಆಳು, ಎಣ್ಣೆ ಹಚ್ಚಿ ಬಿಗಿದ ತುರುಬು, ನೂಲಿನ ಸೀರೆ, ಕಾಲಿಗೆ ಕ್ಯಾನ್ವಾಸ್ ಶೂ. ಒಬ್ಬ ಹೆಂಗಸು ಕರಿಹಲಗೆಯ ಮುಂದೆ ನಿಂತು ಪಾಠ ಮಾಡುತ್ತಿದ್ದರು, ಅಷ್ಟೆ. ನನ್ನ ಮುಖ ನೋಡಿ, "ಕುರಿ ಕೂಗಿ ಬೆಳೆದ ಗಂಟಲು ಸಾರ್. ಈ ಗುಡ್ಡದಿಂದ ಆ ಗುಡ್ಡಕ್ಕೆ ಕೇಳಿಸ್ಬೇಕಿತ್ತು. ಇನ್ನೂ ಇಳಿದಿಲ್ಲ" ಎಂದು ನಕ್ಕರು. ನಾನು ನನ್ನ ತರಗತಿಯನ್ನು ವರಾಂಡದ ಇನ್ನೊಂದು ತುದಿಗೆ ಬದಲಾಯಿಸಿಕೊಂಡೆ.

ಅವರದು ಮಾಡದಕೆರೆಯ ಕಡೆಯ ಒಂದು ಹಟ್ಟಿ. ಕುರಿ ಸಾಕುವ ಮನೆತನ. ಆ ಹಟ್ಟಿಯಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು. ಗಂಡ ಮಾರಿಕಣಿವೆ ಅಣೆಕಟ್ಟಿನ ನೀರಾವರಿ ಕೆಲಸದಲ್ಲಿದ್ದುದರಿಂದ ಮನೆ ಹಿರಿಯೂರಿನಲ್ಲಿ. ದಿನಾ ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಬಂದು ಹೋಗುತ್ತಿದ್ದರು. ಆ ಬಸ್ಸೇ ಅವರ ಓದುವ ಕೋಣೆ. ಡಾಕ್ಟರೇಟಿಗೆ ಬೇಕಾದ ಓದನ್ನೆಲ್ಲ ಕಿಟಕಿಯ ಪಕ್ಕದ ಸೀಟಿನಲ್ಲೇ ಮುಗಿಸಿದವರು. ಕಂಡಕ್ಟರುಗಳಿಗೆಲ್ಲ ಇವರ ಗುರುತು. ಹಾಳೆ ಹರಡಿಕೊಂಡು ಕೂತಿದ್ದರೆ ಪಕ್ಕದಲ್ಲಿ ಯಾರನ್ನೂ ಕೂರಿಸುತ್ತಿರಲಿಲ್ಲ.

ಹುಡುಗರು ಅವರಿಗಿಟ್ಟ ಹೆಸರು 'ಆಮೇಲೆ ಮೇಡಂ'. ಯಾರು ಏನೇ ಹೇಳಲಿ, ಪೂರ್ತಿ ಕೇಳಿಸಿಕೊಂಡು "ಆಮೇಲೆ?" ಎನ್ನುವುದು ಅವರ ಅಭ್ಯಾಸ. ಉತ್ತರ ತಂದ ವಿದ್ಯಾರ್ಥಿಗೂ ಆಮೇಲೆ, ಹೊಸ ಕಾರು ಕೊಂಡು ಪೇಡ ಹಂಚಿದ ಇಂಗ್ಲಿಷ್ ಮೇಷ್ಟ್ರಿಗೂ ಆಮೇಲೆ. ಪೇಡ ಬಾಯಿಗೆ ಹಾಕಿಕೊಂಡ ಮೇಲೇ ಕೇಳುತ್ತಿದ್ದರು ಅನ್ನುವುದು ಬೇರೆ ಮಾತು. ಇದು ಕೀಟಲೆಯಲ್ಲ, ಅವರ ವಿದ್ಯೆಯೇ ಅದು. ಒಂದನ್ನೊಂದು ತಿಂದು, ಒಂದರ ಜೊತೆ ಒಂದು ಪೈಪೋಟಿ ಮಾಡಿ ಬದುಕುವ ಜೀವಿಗಳ ಸಂಖ್ಯೆ ಇವತ್ತು ಹೀಗಿದ್ದರೆ ಬಹಳ ಕಾಲವಾದ ಮೇಲೆ ಏನಾಗಿರುತ್ತದೆ? ಎಲ್ಲವೂ ಉಳಿಯುತ್ತವೆಯೋ, ಒಂದು ಅಳಿಯುತ್ತದೋ, ಇಲ್ಲ ಏರುತ್ತ ಇಳಿಯುತ್ತ ಸುತ್ತುತ್ತಲೇ ಇರುತ್ತವೆಯೋ? ಇಷ್ಟನ್ನೇ ಅವರು ಜೀವಮಾನವಿಡೀ ಸಮೀಕರಣಗಳಲ್ಲಿ ಕೇಳುತ್ತ ಬಂದರು.

ಇದನ್ನು ಪಾಠ ಮಾಡುವ ರೀತಿಯನ್ನು ಹೇಳದಿದ್ದರೆ ಮೇಡಂ ಚಿತ್ರ ಪೂರ್ತಿಯಾಗುವುದಿಲ್ಲ. ಒಂದು ದಿನ ಬಿಎಸ್ಸಿ ತರಗತಿಯನ್ನು ಪೂರ್ತಿ ಮೈದಾನಕ್ಕೆ ಇಳಿಸಿದರು. ನಾಲ್ಕೈದು ಜನ ತೋಳ, ಒಂದಷ್ಟು ಜನ ಕುರಿ, ಉಳಿದವರು ಬೇವಿನ ಮರದ ಕೆಳಗೆ ಕಾಯಬೇಕು. ಮೇಡಂ ಸೀಟಿ ಊದಿದರೆ ತೋಳ ಓಡಿ ಕುರಿ ಮುಟ್ಟಬೇಕು. ಮುಟ್ಟಿದ ತೋಳಕ್ಕೆ ಮರದ ಕೆಳಗಿನಿಂದ ಇನ್ನೊಂದು ತೋಳ ಜೊತೆಯಾಗುತ್ತದೆ. ಮುಟ್ಟಿಸಿಕೊಂಡ ಕುರಿಯೂ ಏನೂ ಸಿಗದ ತೋಳವೂ ಸತ್ತು ಮರದ ಕೆಳಗೆ ಹೋಗುತ್ತವೆ. ತಪ್ಪಿಸಿಕೊಂಡ ಕುರಿ ಒಂದು ಮರಿ ಹಾಕುತ್ತದೆ. ಸ್ವಲ್ಪ ಹೊತ್ತಿಗೆ ಮೈದಾನದ ತುಂಬ ತೋಳ. ಇನ್ನು ಸ್ವಲ್ಪ ಹೊತ್ತಿಗೆ ಕುರಿಯಿಲ್ಲದೆ ತೋಳಗಳೆಲ್ಲ ಮರದ ಕೆಳಗೆ. ಮತ್ತೆ ಅಳಿದುಳಿದ ಕುರಿ ಹೆಚ್ಚುತ್ತವೆ. ಕೂಗಾಟ ಕೇಳಿ ಪ್ರಿನ್ಸಿಪಾಲರು ಹೊರಗೆ ಬಂದರು.

"ಏನಮ್ಮ ಇದು, ಆಟದ ಪಿರಿಯಡ್ಡಾ?"

"ಅಲ್ಲ ಸಾರ್, ಅವಕಲ ಸಮೀಕರಣ" ಎಂದರು ಮೇಡಂ, ಸೀಟಿ ಬಾಯಿಂದ ತೆಗೆದು. "ನೀವೂ ಬರ್ರಿ. ಒಂದು ತೋಳ ಕಮ್ಮಿ ಐತೆ."

ಪ್ರಿನ್ಸಿಪಾಲರು ಬರಲಿಲ್ಲ. ಆದರೆ ಕಂಬಕ್ಕೊರಗಿ ಕೊನೆಯವರೆಗೂ ನೋಡಿದರು. ಆ ವರ್ಷ ಆ ಪ್ರಶ್ನೆಗೆ ಉತ್ತರ ತಪ್ಪಿದ ವಿದ್ಯಾರ್ಥಿ ನಮ್ಮ ಕಾಲೇಜಿನಲ್ಲಿ ಯಾರೂ ಇರಲಿಕ್ಕಿಲ್ಲ.

ರಜೆಯ ದಿನ ಕೆಲವೊಮ್ಮೆ ನಾವು ನಾಲ್ಕಾರು ಜನ ಊರ ಪಕ್ಕದ ಚಂದ್ರವಳ್ಳಿಗೆ ಹೋಗುತ್ತಿದ್ದೆವು. ಮೇಡಂ ಡಬ್ಬಿಯಲ್ಲಿ ರಾಗಿರೊಟ್ಟಿ, ಹುಚ್ಚೆಳ್ಳು ಪುಡಿ. ನಾನು ಅಲ್ಲೊಮ್ಮೆ, "ಸಮತೋಲನ ಸಮತೋಲನ ಅಂತೀರಲ್ಲ ಮೇಡಂ, ಪ್ರಕೃತಿಯಲ್ಲಿ ಎಲ್ಲವೂ ಸಮತೋಲನದಲ್ಲೇ ಇರುತ್ತಲ್ಲವೇ?" ಎಂದೆ. ಅವರಿಗೆ ಆ ಮಾತು ಸೇರಲಿಲ್ಲ. ಬಾರೆಹಣ್ಣಿನ ಬೀಜವೊಂದನ್ನು ಬಂಡೆಯ ಕುಳಿಯೊಳಗೆ ಉರುಳಿಸಿದರು. ಅದು ಆಚೆ ಈಚೆ ಹೊರಳಿ ನಡುವೆ ನಿಂತಿತು. "ಇದು ಗಟ್ಟಿ ಸಮತೋಲನ. ಯಾವ ಕಡೆಯಿಂದ ಬಿಟ್ರೂ ಇಲ್ಲಿಗೇ ಬರ್ತೈತೆ." ಅದೇ ಬೀಜವನ್ನು ದುಂಡನೆಯ ಗುಂಡುಕಲ್ಲಿನ ನೆತ್ತಿಯ ಮೇಲೆ ಜೋಪಾನವಾಗಿ ಇಟ್ಟರು. ನಿಂತಿತು. ಉಫ್ ಎಂದು ಊದಿದರು. ಉರುಳಿ ಪೊದೆಯೊಳಗೆ ಹೋಯಿತು. "ಇದೂ ಸಮತೋಲನವೇ. ಊದೋ ತಂಕ. ಪ್ರಕೃತಿಯಾಗೆ ಯಾವುದು ಯಾವ್ದು ಅಂತ ನೋಡಿ ಹೇಳ್ಬೇಕು ಸಾರ್. ಎಲ್ಲಾ ಸರಿಹೋಗ್ತೈತೆ ಅನ್ನೋದು ಗಣಿತ ಅಲ್ಲ, ಸೋಮಾರಿತನ."

ಇಷ್ಟು ಖಂಡಿತವಾಗಿ ಮಾತಾಡುತ್ತಿದ್ದವರೇ ಒಮ್ಮೆ ತಪ್ಪಿದ್ದು.

ಕೆಲವು ವರ್ಷಗಳ ಹಿಂದಿನ ಚಳಿಗಾಲ. ಸ್ಟಾಫ್‌ರೂಮಿನಲ್ಲಿದ್ದಾಗ ಮೇಡಂಗೆ ಅಣ್ಣನಿಂದ ಫೋನು ಬಂತು. ಅಣ್ಣನ ಹೆಸರು ತಿಮ್ಮಣ್ಣ. ಹಟ್ಟಿಯಲ್ಲಿ ಕುರಿ ನೋಡಿಕೊಂಡಿದ್ದವನು. ತೋಳ ಕುರಿಗಳನ್ನು ಹೊಡೆಯುತ್ತಿವೆ, ಹಟ್ಟಿಯವರೆಲ್ಲ ಸೇರಿ ಸತ್ತ ಕುರಿಗೆ ವಿಷ ಸವರಿ ಕಾವಲಿನಲ್ಲಿ ಇಡಬೇಕೆಂದಿದ್ದಾರೆ ಎಂದು ಸುದ್ದಿ. ಮೇಡಂ ಫೋನು ಇಟ್ಟು ನನ್ನ ಕಡೆ ತಿರುಗಿದರು. "ಸಾರ್, ನಾಳೆ ಭಾನುವಾರ. ನೀವು ಬರ್ಬೇಕು. ಗಾಯ ನೋಡಿ ಹೇಳೋರು ಬೇಕು ನಂಗೆ."

ಹೊಸದುರ್ಗದಲ್ಲಿ ಬಸ್ಸಿಳಿದು, ಆಟೋ ಹಿಡಿದು, ಉಳಿದ ದಾರಿ ನಡೆದು ಹಟ್ಟಿ ಸೇರಿದೆವು. ಹಟ್ಟಿಯ ಹಿಂದಕ್ಕೇ ಕಾವಲು. ಕಣ್ಣು ಹಾಯುವವರೆಗೆ ಒಣಗಿದ ಹುಲ್ಲು, ಅಲ್ಲಲ್ಲಿ ಜಾಲಿ. "ಬರ್ರಿ ಮೇಷ್ಟ್ರೆ, ಕುಂತ್ಕಳ್ರಿ" ಎಂದು ತಿಮ್ಮಣ್ಣ ಕಂಬಳಿ ಹಾಸಿದ. ನಾನು ಕೂರುವ ಮೊದಲು ಕುರಿ ಕೂಡುವ ರೊಪ್ಪದೊಳಗೆ ಹೋಗಿ ಗಾಯಗೊಂಡ ಕುರಿಗಳನ್ನು ನೋಡಿದೆ. ಹಿಂಗಾಲು, ಬಾಲ, ಕೆಚ್ಚಲು ಎಲ್ಲೆಂದರಲ್ಲಿ ಕಚ್ಚಿ ಬಿಟ್ಟಿದ್ದವು. ತೋಳವಾದರೆ ಕುತ್ತಿಗೆಗೆ ಬಾಯಿ ಹಾಕಿ, ಸಿಕ್ಕಿದ್ದನ್ನು ಹೊತ್ತೊಯ್ಯುತ್ತದೆ. ಹೀಗೆ ಹತ್ತು ಕಡೆ ಹರಿದು ಬಿಟ್ಟು ಹೋಗುವುದು ನಾಯಿಗಳ ಹಿಂಡು.

"ಇವುಗಳಲ್ಲಿ ಹೆಚ್ಚಿನವು ನಾಯಿ ಕಡಿತ" ಎಂದೆ.

"ನಾಯಿನೋ ತೋಳನೋ, ಸಾಯೋದು ನಮ್ ಕುರಿ ಅಲ್ವ್ರಾ ಮೇಷ್ಟ್ರೆ" ಎಂದ ತಿಮ್ಮಣ್ಣ. "ಔಷಧಿ ತಂದಿಟ್ಟೀನಿ. ಒಂದ್ಸಲ ಇಟ್ರೆ ಎಲ್ಲಾ ಮುಗೀತೈತೆ."

"ಮುಗಿದ್ಮೇಲೆ?" ಎಂದರು ಮೇಡಂ.

"ಮುಗಿದ್ಮೇಲೆ ಏನವ್ವ, ನೆಮ್ಮದಿಯಾಗಿ ಮಲ್ಗಾದು."

ಮೇಡಂ ನೆಲದ ಮೇಲೆ ಅಣ್ಣನ ಎದುರಿಗೆ ಕೂತರು. ಹಟ್ಟಿಯ ಹತ್ತಾರು ಜನ ಸುತ್ತ ನಿಂತಿದ್ದರು. "ಕೇಳಣ್ಣ. ತೋಳ ಇರೋ ಕಾವಲಿಗೆ ನಾಯಿ ಹಿಂಡು ಸಲೀಸಾಗಿ ನುಗ್ಗಲ್ಲ. ತೋಳ ಅವನ್ನ ಅಟ್ಟುತ್ತೆ. ನೀನು ತೋಳ ಕೊಂದ್ರೆ ಜಾಗ ಖಾಲಿ ಆಗ್ತೈತೆ. ಆ ಜಾಗಕ್ಕೆ ನಾಯಿ ಬರ್ತವೆ. ತೋಳ ಹಸಿವಿಗೆ ಒಂದು ಒಯ್ಯುತ್ತೆ, ನಾಯಿ ಆಟಕ್ಕೆ ಹತ್ತು ಕೆಡುವ್ತವೆ. ನಾನು ಇದನ್ನ ಎಲ್ಲಾ ಕಡೆಯಿಂದ್ಲೂ ಲೆಕ್ಕ ಹಾಕಿ ನೋಡೀನಿ."

"ಔಷಧಿ ಹಾಕ್ದೆ ಬಿಟ್ರೆ ಏನಾಗ್ತೈತೆ ಅಂತೈತೆ ನಿನ್ ಲೆಕ್ಕ?"

"ನಾಯಿ ತಾವಾಗೇ ಕಮ್ಮಿ ಆಗ್ತವೆ. ಕಾವಲಾಗೆ ಅಷ್ಟು ನಾಯಿಗೆ ಕೂಳು ಎಲ್ಲೈತೆ? ಒಂದೆಲ್ಡು ವರ್ಸ ತಡ್ಕ. ತೋಳ, ನಾಯಿ, ಕುರಿ ಮೂರೂ ಒಂದು ಅಳತೆಗೆ ಬಂದು ನಿಲ್ತವೆ."

ಮೇಡಂ ಅತ್ತಿಗೆ, ತಿಮ್ಮಣ್ಣನ ಹೆಂಡತಿ, ಬಾಗಿಲ ಬಳಿಯಿಂದ ಕೇಳಿದಳು: "ಅಳತೆಗೆ ಬರೋ ತಂಕ ಸಾಯೋದು ಯಾರ ಕುರಿ?"

"ನಮ್ಮವೇ ಅತ್ಗೆ" ಎಂದರು ಮೇಡಂ. ಮೆತ್ತಗೆ ಮಾಡಿ ಹೇಳಲಿಲ್ಲ.

ತಿಮ್ಮಣ್ಣ ಎದ್ದ. ಒಳಗೆ ಹೋಗಿ ವಿಷದ ಡಬ್ಬಿ ತಂದು ತಂಗಿಯ ಕೈಯಲ್ಲಿಟ್ಟ. "ತಗಂಡ್ಹೋಗಿ ಅಂಗಡಿಗೆ ವಾಪಸ್ ಕೊಡು. ನೀನು ಹೇಳ್ದೆ ಅಂತ ಬಿಡ್ತೀನಿ. ಬೇರೆ ಯಾರ್ ಹೇಳಿದ್ರೂ ಕೇಳ್ತಿರ್ಲಿಲ್ಲ." ಅವನು ಬಿಟ್ಟ ಮೇಲೆ ಹಟ್ಟಿಯ ಉಳಿದವರೂ ಬಿಟ್ಟರು.

ವಾಪಸ್ಸು ಬರುವಾಗ ಮೇಡಂ ಬಸ್ಸಿನಲ್ಲಿ ಖುಷಿಯಾಗಿದ್ದರು. ಡಾಕ್ಟರೇಟಿನ ಪತ್ರ ಕೈಗೆ ಬಂದ ದಿನಕ್ಕಿಂತ ಹೆಚ್ಚು ಖುಷಿಯಾಗಿದ್ದರು ಎಂದೇ ನನ್ನ ಲೆಕ್ಕ. ತಾವು ಕಲಿತದ್ದು ಹುಟ್ಟಿದ ಹಟ್ಟಿಯ ಉಪಯೋಗಕ್ಕೆ ಬಂತಲ್ಲ ಎಂಬ ಹೆಮ್ಮೆ ಯಾರಿಗಿರುವುದಿಲ್ಲ? ಆ ಲೆಕ್ಕವನ್ನೇ ಒಂದು ಲೇಖನವಾಗಿ ಬರೆದು ಗಣಿತದ ಪತ್ರಿಕೆಯೊಂದಕ್ಕೆ ಕಳಿಸಿದರು.

ಕೆಲವು ತಿಂಗಳು ಕಳೆದವು. ಬಿಸಿಲು ಏರುತ್ತಿದ್ದ ಕಾಲ. ಒಂದು ಬೆಳಿಗ್ಗೆ ಅವರ ಬಸ್ಸು ದಾರಿಯಲ್ಲಿ ಪಂಕ್ಚರಾಗಿ ಜನರೆಲ್ಲ ಇಳಿದು ನಿಂತಿದ್ದಾರೆ. ರಸ್ತೆಯ ಪಕ್ಕದಲ್ಲಿ ಕೋಳಿ ಅಂಗಡಿಗಳವರು ಸುರಿದ ಕಸದ ರಾಶಿ. ರೆಕ್ಕೆ, ಕರುಳು, ಕಾಲು. ದಿನಾ ಸೆರಗು ಮೂಗಿಗೆ ಹಿಡಿದು ದಾಟಿ ಹೋಗುತ್ತಿದ್ದ ಜಾಗವೇ. ಆ ದಿನ ಅಲ್ಲೇ ನಿಲ್ಲಬೇಕಾಯಿತು. ರಾಶಿಯ ಸುತ್ತ ನಾಯಿಗಳು. ಬೀದಿಯ ಬಡಕಲು ನಾಯಿಗಳಲ್ಲ, ಮೈ ತುಂಬಿಕೊಂಡು ಮಿರಮಿರ ಮಿಂಚುವ ನಾಯಿಗಳು. ಜೊತೆಗೆ ಮರಿಗಳ ದಂಡು.

ಮೇಡಂ ಕಾಲೇಜಿಗೆ ಬಂದವರೇ ಅಣ್ಣನಿಗೆ ಫೋನು ಹಚ್ಚಿದರು. ನಾನು ಎದುರಿಗೇ ಇದ್ದೆ. "ಅಣ್ಣ, ನಿಮ್ಮ ಕಡೆ ಕೋಳಿ ಅಂಗಡಿ ಕಸ ಎಲ್ಲಿ ಸುರೀತಾರೆ?" ಆ ಕಡೆಯ ಉತ್ತರ ನನಗೂ ಕೇಳಿಸಿತು: "ಕಾವಲಂಚಿಗೆ, ಹಳೇ ಕಲ್ಲುಗುಂಡಿಗೆ. ಯಾಕವ್ವ?" ಮೇಡಂ ಫೋನು ಇಟ್ಟರು.

ಅವತ್ತು ಮಧ್ಯಾಹ್ನವೆಲ್ಲ ಕಂಪ್ಯೂಟರ್ ಲ್ಯಾಬಿನಲ್ಲಿ ಕೂತರು. ನನ್ನನ್ನು ಕರೆಸಿ ಪರದೆ ತೋರಿಸಿದರು. ಹಳೆಯ ಲೆಕ್ಕದಲ್ಲಿ ನಾಯಿ ಬದುಕುವುದು ಕಾವಲಿನಲ್ಲಿ ಸಿಕ್ಕುವ ಬೇಟೆಯಿಂದ ಮಾತ್ರ. ಬೇಟೆ ಕಡಿಮೆಯಾದರೆ ನಾಯಿ ಕಡಿಮೆಯಾಗಲೇಬೇಕು. ಈಗ ಅವರು ಒಂದೇ ಒಂದು ಪದ ಸೇರಿಸಿದ್ದರು: ದಿನಾ ಹೊರಗಿನಿಂದ ನಾಯಿಗೆ ಬಂದು ಬೀಳುವ ಊಟ. ಕುರಿ ಇರಲಿ ಇಲ್ಲದಿರಲಿ, ನಾಯಿಗೆ ಊಟ ತಪ್ಪುವುದಿಲ್ಲ. ಪರದೆಯ ಮೇಲೆ ನಾಯಿಯ ಗೆರೆ ಏರಿ ಅಲ್ಲೇ ನಿಂತಿತು. ಬೇಟೆಯ ಪೈಪೋಟಿಯಲ್ಲಿ ಸೋತು ತೋಳದ ಗೆರೆ ಇಳಿಯುತ್ತ ಇಳಿಯುತ್ತ ಸೊನ್ನೆಗೆ ಹೋಗಿ ಅಂಟಿಕೊಂಡಿತು. ಮೇಡಂ ಶುರುವಿನ ಸಂಖ್ಯೆ ಬದಲಾಯಿಸಿದರು. ತೋಳವನ್ನು ಹೆಚ್ಚಿಗೆ ಇಟ್ಟರು, ನಾಯಿಯನ್ನು ಕಡಿಮೆ ಇಟ್ಟರು. ದಾರಿ ಬೇರೆಯಾಯಿತು, ಕೊನೆ ಅದೇ.

"ಎಲ್ಲಿಂದ ಹೊರಟ್ರೂ ಇದೇ ಸಾರ್" ಎಂದರು. ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಮೂರೂ ಒಂದು ಅಳತೆಗೆ ಬರ್ತವೆ ಅಂದಿದ್ದೆನಲ್ಲ. ಆ ಅಳತೆಯೇ ಇಲ್ಲ. ಗುಂಡಿಗೆ ಕಸ ಬೀಳೋ ತಂಕ ನಾಯಿ ಕಮ್ಮಿ ಆಗಲ್ಲ. ತೋಳ ಉಳಿಯಲ್ಲ. ಕುರಿ ಸಾಯೋದು ನಿಲ್ಲಲ್ಲ."

ನಾನು ನನಗೆ ತಿಳಿದ ಬುದ್ಧಿ ಹೇಳಿದೆ. ಹಟ್ಟಿಗೆ ಹೋಗಿ ತಪ್ಪಾಯಿತು ಎಂದರೆ ಆ ಕ್ಷಣವೇ ಜನ ವಿಷ ತರುತ್ತಾರೆ. ಸುಮ್ಮನಿದ್ದು, ಗುಂಡಿಗೆ ಕಸ ಬೀಳದ ಹಾಗೆ ಸದ್ದಿಲ್ಲದೆ ಪ್ರಯತ್ನ ಮಾಡೋಣ. ತೋಳವೂ ಉಳಿಯುತ್ತದೆ, ನಿಮ್ಮ ಮಾತೂ ಉಳಿಯುತ್ತದೆ.

"ನಾಯಿ ತಾವಾಗೇ ಕಮ್ಮಿ ಆಗ್ತವೆ ಅಂತ ಹೇಳಿ ಬಂದೀನಿ. ಅವರು ನಂಬ್ಕಂಡು ಕುಂತವ್ರೆ. ಕಾಯೋದು ಸಡಿಲ ಬಿಟ್ಟಿದ್ರೆ?" ಎಂದರು ಮೇಡಂ. ಮಾರನೆಯ ದಿನ ಇಬ್ಬರೂ ರಜೆ ಹಾಕಿ ಹೊರಟೆವು.

ಹಟ್ಟಿಯವರೆಲ್ಲ ಸೇರಿದರು. ಮೇಡಂ ನಿಂತೇ ಹೇಳಿದರು. "ಅಣ್ಣ, ಹೋದ ಸಲ ನಾನು ಹೇಳಿದ್ರಾಗೆ ಒಂದು ಮಾತು ತಪ್ಪು. ಕಲ್ಲುಗುಂಡಿ ಕಸ ನನ್ ಲೆಕ್ಕದಾಗೆ ಇರ್ಲಿಲ್ಲ. ಅದು ಇರೋ ತಂಕ ನಾಯಿ ಕಮ್ಮಿ ಆಗಲ್ಲ. ಇನ್ನೂ ಹೆಚ್ತವೆ."

ಅತ್ತಿಗೆ ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದಳು. ಅವಳ ಕಣ್ಣು ಕೆಂಪಾಗಿತ್ತು. "ಮೊನ್ನೆ ನಾಯಿ ರೊಪ್ಪಕ್ಕೇ ನುಗ್ಗಿದ್ವು. ತಾಯಿ ಸತ್ತ ಮರಿ ಅಂತ ಬಾಟ್ಲಿ ಹಾಲು ಹಾಕಿ ಸಾಕಿದ್ದೆ, ಅದನ್ನ ನನ್ ಕಣ್ ಮುಂದೆನೇ ಎಳೆದಾಡಿದ್ವು. ನೀನು ಹೇಳಿದ್ದೆ ಅಂತ ಬೇಲಿಗೆ ಮುಳ್ಳು ಹೊಸದಾಗಿ ಕಟ್ಟಿರ್ಲಿಲ್ಲ ಕಣವ್ವ. ನಿನ್ ಮಾತ್ ಕೇಳಿ."

ಮೇಡಂ ತಲೆ ತಗ್ಗಿಸಿ ಕೇಳಿಸಿಕೊಂಡರು. ಸಮಜಾಯಿಷಿ ಕೊಡಲಿಲ್ಲ. ಹಿಂದೆ ನಿಂತಿದ್ದ ಒಬ್ಬ ಮುದುಕ, "ಅಂದ್ರೆ ಔಷಧಿನೇ ಸರಿ ಅಂದಂಗಾತು" ಎಂದ. ಆಗ ಮಾತ್ರ ತಲೆ ಎತ್ತಿದರು. "ಇಲ್ಲಜ್ಜ. ಅದೊಂದು ಮಾತು ಆವತ್ತೂ ಸರಿ, ಇವತ್ತೂ ಸರಿ. ನಾಯಿಗೆ ಹೆದರಿಕೆ ಅಂತ ಇರೋದು ತೋಳ ಒಂದೇ. ಅದನ್ನೂ ಕೊಂದ್ರೆ ನಾಳೆ ಬರೋದನ್ನ ಇವತ್ತೇ ಕರ್ಕಂಡಂಗೆ."

ಮೇಡಂ ಸೀರೆ ಎತ್ತಿ ಕಟ್ಟಿ, ಕುಡುಗೋಲು ತೆಗೆದುಕೊಂಡು ಜಾಲಿ ಪೊದೆಯ ಕಡೆ ನಡೆದರು. ಮುಳ್ಳು ಕಡಿದರು, ಎಳೆದು ತಂದರು, ರೊಪ್ಪದ ಸುತ್ತ ಕಟ್ಟತೊಡಗಿದರು. ನಾನೂ ಕೈ ಹಾಕಿದೆ. ನನಗೆ ಆ ಕೆಲಸ ಬರದು, ನನ್ನ ಅಂಗಿ ಹರಿಯಿತು. ತಿಮ್ಮಣ್ಣ ಬಂದು ಸೇರಿಕೊಂಡ. ಬಿಸಿಲು ಇಳಿಯುವ ಹೊತ್ತಿಗೆ ಬೇಲಿ ಮುಗಿದಿತ್ತು. ಮೇಡಂ ಕೈ ಮೊಣಕೈವರೆಗೆ ತರಚಿ ರಕ್ತ ಒಸರುತ್ತಿತ್ತು. ಅತ್ತಿಗೆ ಒಳಗಿಂದ ಹರಳೆಣ್ಣೆ ಬಟ್ಟಲು ತಂದು ಪಕ್ಕದಲ್ಲಿ ಕೂತು, ಆ ಕೈಗಳಿಗೆ ಎಣ್ಣೆ ಹಚ್ಚಿದಳು. ಹಚ್ಚಿ ಮುಗಿಸಿದ ಮೇಲೆ, "ಉಣ್ಣಾಕೆ ಏಳು" ಎಂದಳು. ಊಟಕ್ಕೆ ಕೂತಾಗ ತಿಮ್ಮಣ್ಣ ಕೇಳಿದ: "ಆ ಗುಂಡಿ ಮುಚ್ಚಿಸ್ಬೇಕು ಅಂದ್ರೆ ಎಲ್ಲಿಗೆ ಹೋಗಾಣ ಹೇಳು."

ಆಮೇಲಿನದು ಒಂದು ದಿನದ ಕೆಲಸವಾಗಲಿಲ್ಲ. ಮೊದಲು ಅರ್ಜಿ ಕೊಟ್ಟರು, ಏನೂ ಆಗಲಿಲ್ಲ. ಒಂದು ಬೆಳಿಗ್ಗೆ ಹಟ್ಟಿಯವರು ಕುರಿಗಳನ್ನೆಲ್ಲ ಹೊಡೆದುಕೊಂಡು ಬಂದು ಪಂಚಾಯಿತಿ ಕಚೇರಿಯ ಮುಂದೆ ಬಿಟ್ಟರು. ಅಂಗಳ ತುಂಬಿ, ಮೆಟ್ಟಿಲು ತುಂಬಿ, ಒಂದು ಟಗರು ಒಳಗೂ ಹೋಯಿತು. ಅಧಿಕಾರಿ ಹೊರಗೆ ಬಂದು, "ಕೋಳಿ ಕಸಕ್ಕೂ ತೋಳಕ್ಕೂ ಏನು ಸಂಬಂಧ ಮೇಡಂ?" ಎಂದರು. ಮೇಡಂ ಒಂದು ಸಮೀಕರಣವನ್ನೂ ಎತ್ತಲಿಲ್ಲ. "ಸಾರ್, ನೀವು ಗುಂಡಿಗೆ ಹಾಕ್ತಾ ಇರೋದು ಕಸ ಅಲ್ಲ, ನಾಯಿಗೆ ಊಟ. ಊಟ ನಿಲ್ಸಿ. ಮಿಕ್ಕಿದ್ದು ತೋಳ ನೋಡ್ಕಂತೈತೆ" ಎಂದರು. ಆ ದನಿ ಎದುರಿನ ಹೋಟೆಲಿನವರೆಗೆ ಕೇಳಿಸಿ, ಕಾಫಿ ಕುಡಿಯುತ್ತಿದ್ದವರೂ ಎದ್ದು ಬಂದರು.

ಗುಂಡಿಗೆ ಮಣ್ಣು ಬಿತ್ತು. ಹತ್ತು ದಿನದಲ್ಲಿ ಅದರ ಮೇಲೇ ಮತ್ತೆ ಕಸ ಬಿತ್ತು. ಹಟ್ಟಿಯವರು ಸರದಿಯ ಮೇಲೆ ಅಲ್ಲಿ ಕೂತು ಗಾಡಿಗಳನ್ನು ವಾಪಸ್ಸು ಕಳಿಸಿದರು. ಮೇಡಂ ಕೋಳಿ ಅಂಗಡಿಗಳಿಗೇ ಹೋಗಿ ಒಬ್ಬೊಬ್ಬರ ಜೊತೆಗೂ ಮಾತಾಡಿದರು. ಅವರಿಗೂ ಕಸ ಹಾಕಲು ಜಾಗ ಬೇಕಲ್ಲ. ಕೊನೆಗೆ ಊರಿನಿಂದ ದೂರ ಆಳವಾದ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚುವ ಏರ್ಪಾಡಾಯಿತು. ಪಶುವೈದ್ಯರು ನಾಯಿಗಳನ್ನು ಹಿಡಿಸಿ ಮರಿಯಾಗದಂತೆ ಶಸ್ತ್ರಚಿಕಿತ್ಸೆ ಮಾಡಿದರು. ಇಷ್ಟಕ್ಕೆ ಒಂದು ವರ್ಷದ ಮೇಲೇ ಹಿಡಿಯಿತು. ಅಷ್ಟರಲ್ಲಿ ಹಟ್ಟಿಯಲ್ಲಿ ಇನ್ನೂ ಕೆಲವು ಕುರಿ ಸತ್ತವು. ಸತ್ತ ಸುದ್ದಿ ಬಂದಾಗಲೆಲ್ಲ ಮೇಡಂ ಆ ವಾರವೇ ಹಟ್ಟಿಗೆ ಹೋಗಿ ಬರುತ್ತಿದ್ದರು. ಬೈಸಿಕೊಳ್ಳುವುದಕ್ಕಾದರೂ ಹೋಗಬೇಕು ಎನ್ನುತ್ತಿದ್ದರು.

ಪತ್ರಿಕೆಗೆ ಕಳಿಸಿದ್ದ ಲೇಖನವನ್ನು ವಾಪಸ್ಸು ತರಿಸಿಕೊಂಡರು. ಅದು ಆಗಲೇ ಒಪ್ಪಿಗೆಯಾಗಿತ್ತು. ಗಣಿತದ ಮಟ್ಟಿಗೆ ಅದರಲ್ಲಿ ಒಂದು ಸಾಲೂ ತಪ್ಪಿರಲಿಲ್ಲ. ಅವರ ಮಾರ್ಗದರ್ಶಕರು ಫೋನಿನಲ್ಲಿ ರೇಗಿದರಂತೆ: ಪ್ರಮೇಯ ಸರಿಯಿದೆಯಲ್ಲಮ್ಮ, ನಿನಗೇನು ಕಷ್ಟ? "ಪ್ರಮೇಯ ಸರಿ ಐತೆ ಸಾರ್. ನಮ್ಮ ಕಾವಲು ಅದರಾಗಿಲ್ಲ" ಎಂದರಂತೆ ಮೇಡಂ. ಹೊರಗಿನ ಊಟವನ್ನು ಸೇರಿಸಿದ ಹೊಸ ಲೆಕ್ಕ ಎರಡು ವರ್ಷ ಬಿಟ್ಟು ಅಚ್ಚಾಯಿತು. ಆ ಊಟ ಎಷ್ಟರೊಳಗೆ ಇದ್ದರೆ ಮೂರೂ ಜೀವಿಗಳು ಒಟ್ಟಿಗೆ ಬಾಳಬಲ್ಲವು, ಎಷ್ಟು ದಾಟಿದರೆ ಒಂದು ಅಳಿಯಲೇಬೇಕು ಎಂಬುದನ್ನು ಅದರಲ್ಲಿ ಸಾಧಿಸಿದ್ದಾರೆ. ನಾನು ಪ್ರಾಣಿಶಾಸ್ತ್ರದವನು, ನನಗೆ ಅದರ ಅರ್ಧ ಮಾತ್ರ ಅರ್ಥವಾಗಿದೆ. ಅರ್ಥವಾದ ಅರ್ಧ ಸೊಗಸಾಗಿದೆ.

ಹೋದ ಭಾನುವಾರ ಮೇಡಂ ಜೊತೆ ಮತ್ತೆ ಹಟ್ಟಿಗೆ ಹೋಗಿದ್ದೆ. ನಿವೃತ್ತಿಯಾದ ಮೇಲೆ ಒಂದು ವಾರ ಅಲ್ಲೇ ಇದ್ದು ಬರುವ ಮನಸ್ಸು ಅವರಿಗೆ. ಬೆಳಿಗ್ಗೆಯ ಹೊತ್ತು. ಮೇಡಂ, ತಿಮ್ಮಣ್ಣ, ನಾನು ಮೂವರೂ ಕಾವಲಿನ ಕಡೆ ಮುಖ ಮಾಡಿ ಕೂತಿದ್ದೆವು. ತಿಮ್ಮಣ್ಣ ಏನನ್ನೋ ಹೇಳಲೋ ಬೇಡವೋ ಎಂಬಂತೆ ಕಂಬಳಿಯ ಅಂಚು ತಿರುವುತ್ತಿದ್ದ.

"ಮೊನ್ನೆ ಒಂದು ಮರಿ ಹೋತು" ಎಂದ ಕೊನೆಗೆ.

ಮೇಡಂ ಥಟ್ಟನೆ ತಿರುಗಿದರು. "ನಾಯಿನಾ?"

"ನಾಯಿ ಎಲ್ಲೈತೆ ಈಗ. ತೋಳನೇ. ಕಣ್ಣಾರೆ ನೋಡ್ದೆ. ಹೊತ್ಕಂಡು ಆ ಬೋರೆ ದಿಣ್ಣೆ ಹತ್ತಿ ಹೋತು. ಅಲ್ಲಿ ಅದ್ರ ಮರಿಗಳು ಕಾಯ್ತಾ ಇದ್ವು. ಸಣ್ಣವು."

"ಅತ್ಗೆ ಏನಂದ್ಳು?"

"ಏನಂತಾಳೆ. ತೋಳಕ್ಕೂ ಬೈದ್ಲು, ನಿಂಗೂ ಬೈದ್ಲು."

"ನೀನೇನ್ ಮಾಡ್ದೆ?"

"ಸುಮ್ನಿರಾಕಾಗ್ತೈತಾ? ನನ್ ಮರಿ ಅದು. ಕಲ್ಲು ತಗಂಡು ಬೀರ್ದೆ." ತಿಮ್ಮಣ್ಣ ಕಾವಲಿನ ಕಡೆ ನೋಡುತ್ತಲೇ ಇದ್ದ. ತಂಗಿಗೂ ಸರಿಯಾಗಿ ಕೇಳಿಸದಷ್ಟು ಮೆಲ್ಲಗೆ ಸೇರಿಸಿದ: "ತಗಲ್ದಂಗೆ."